ಅತಿಥಿಯ ಪ್ರಾಮಾಣಿಕತೆ

ಅತಿಥಿ ಸತ್ಕಾರದ ಮಹತ್ವವನ್ನು ನಾವು ಮತ್ತೆ ಮತ್ತೆ ಕೇಳುತ್ತಿರುತ್ತೇವೆ. ಅತಿಥಿಯನ್ನು ಗೌರವಿಸುವುದನ್ನು ಪ್ರವಾದಿವರ್ಯರು(ಸ) ಈಮಾನಿನೊಂದಿಗೇ ಜೋಡಿಸಿ ಹೇಳಿದ್ದಾರೆಂಬುದು ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಆದರೆ ಅತಿಥಿಯಾದವನ ಕರ್ತವ್ಯವೇನು? ಒಂದು ಮನೆಯ ಅನ್ನ ಉಂಡ ಮೇಲೆ ಆ ಮನೆಯವರಿಗೆ ನಾವು ಸಲ್ಲಿಸಬೇಕಾದ ಹಕ್ಕು ಯಾವುದು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರದೇಶದಿಂದ ಮರಳಿ ಬಂದು ಮದ್ರಸದ ಜಗಲಿಯಲ್ಲಿ ಕುಳಿತು ಹೇಳಿದ ಒಂದು ಘಟನೆಯು ನನ್ನನ್ನು ಈ ಕುರಿತು ಯೋಚಿಸುವಂತೆ ಮಾಡಿತು.

ಹೈಸ್ಕೂಲು ಓದುವ ಮಕ್ಕಳು ಒಂದು ವರ್ಷ ಪರದೇಶದ ಕುಟುಂಬವೊಂದರ ಜೊತೆಗಿದ್ದು ಅಲ್ಲಿನ ಶಾಲೆಯಲ್ಲಿ ಕಲಿಯುವ ವ್ಯವಸ್ಥೆ ಹೊಸತೇನಲ್ಲ. ಒಂದನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕನ್ ಸ್ವಯಂಸೇವಕರ ತಂಡವಾಗಿ ಹುಟ್ಟಿದ ಎ.ಎಫ್.ಎಸ್. ಎಂಬ ಸಂಸ್ಥೆಯು 1947ರಲ್ಲಿ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಮಕ್ಕಳಿಗಾಗಿಯೇ ಅಮೆರಿಕವು 2002ರಲ್ಲಿ ಒಂದು ಯೋಜನೆಯನ್ನು ಸ್ಥಾಪಿಸಿತು. ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಎಂಬ ಸೆನೆಟರುಗಳ ಹೆಸರು ಅದಕ್ಕಿದೆ. ಭಾರತದ ಮಕ್ಕಳೂ ಅದರಲ್ಲಿ ಹೋಗಿ ಬಂದಿದ್ದಾರೆ. ಇಂತಹ ಯೋಜನೆಗಳಲ್ಲಿ ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಕುಟುಂಬವು ಬಾಡಿಗೆಯ ಆಸೆಯಿಂದ ಬಾಗಿಲು ತೆರೆಯುವುದಿಲ್ಲ. ಹಾಸಿಗೆ, ಊಟ, ಆರೈಕೆ ಎಲ್ಲವನ್ನೂ ಅದು ಸ್ವಂತ ಇಷ್ಟದಿಂದ ಕೊಡುತ್ತದೆ.

ನಮ್ಮ ಹುಡುಗ ಇಂತಹದೇ ಒಂದು ವ್ಯವಸ್ಥೆಯಲ್ಲಿ ಮಿನ್ನೆಸೋಟ ರಾಜ್ಯದ ಒಂದು ಸಣ್ಣ ಊರಿಗೆ ಹೋಗಿದ್ದ. ಆಗ ಅವನಿಗೆ ಹದಿನಾರು ವರ್ಷ. ಕ್ರೈಸ್ತ ಕುಟುಂಬ. ಅವನು ಹಂದಿಮಾಂಸ ತಿನ್ನುವುದಿಲ್ಲ, ದಿನಕ್ಕೆ ಐದು ಬಾರಿ ನಮಾಝ್ ಮಾಡುತ್ತಾನೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಅದಕ್ಕಾಗಿ ಒಂದು ಕೋಣೆಯ ಮೂಲೆಯನ್ನು ಖಾಲಿ ಮಾಡಿಕೊಟ್ಟಿದ್ದರು. ಡಿಸೆಂಬರ್ ಬಂತು. ಶಾಲೆಗೆ ರಜೆ. ಕ್ರಿಸ್ಮಸ್ ದಿನ ಎಲ್ಲರೂ ಮೂರು ತಾಸಿನ ದಾರಿಯಲ್ಲಿರುವ ಅಜ್ಜಿಯ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. “ನಮ್ಮ ಹಬ್ಬದಲ್ಲಿ ನಿನಗೆ ಕಷ್ಟವಾಗುವಂತಹದ್ದು ಏನಾದರೂ ಇದೆಯೇ?” ಎಂದು ಮನೆಯ ತಾಯಿ ಅವನನ್ನು ಕೇಳಿದರು. “ಏನೂ ಇಲ್ಲ” ಎಂದ ಹುಡುಗ.

ಆದರೆ ಅವನ ಮನಸ್ಸಿನಲ್ಲಿ ನೂರು ಅಳುಕು. ಮೇಜಿನ ಮೇಲೆ ಹಂದಿಮಾಂಸವಿರುತ್ತದೆ, ಮದ್ಯವೂ ಇರಬಹುದು. ಊಟಕ್ಕೆ ಮುಂಚೆ ಎಲ್ಲರೂ ಕೈ ಹಿಡಿದು ಪ್ರಾರ್ಥಿಸುವಾಗ ತಾನೇನು ಮಾಡಬೇಕು? ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೇ ಸೂರ್ಯ ಮುಳುಗುತ್ತದೆ. ಮಧ್ಯಾಹ್ನದ ಊಟಕ್ಕೆ ಕುಳಿತು ಏಳುವಷ್ಟರಲ್ಲಿ ಝುಹರ್, ಅಸರ್, ಮಗ್ರಿಬ್ ಮೂರರ ಸಮಯವೂ ಸಾಲಾಗಿ ಬಂದುಬಿಡುತ್ತದೆ. ಅಪರಿಚಿತರ ಮನೆಯಲ್ಲಿ ಎಲ್ಲಿ ಎದ್ದು ಹೋಗುವುದು? ಹೊರಡುವ ಬೆಳಿಗ್ಗೆ ಅವನು ಹೊಟ್ಟೆನೋವೆಂದು ಕಂಬಳಿ ಹೊದ್ದು ಮಲಗಿದ. ಅವರು ತನ್ನನ್ನು ಬಿಟ್ಟು ಹೋಗುತ್ತಾರೆಂದು ಅವನ ಎಣಿಕೆ. ಆದರೆ ಆ ತಾಯಿ ಗಂಡನನ್ನೂ ಮಕ್ಕಳನ್ನೂ ಕಳುಹಿಸಿ ತಾವು ಮನೆಯಲ್ಲೇ ಉಳಿದರು. ಹುಷಾರಿಲ್ಲದಾಗ ನಮ್ಮ ಊರಲ್ಲಿ ಗಂಜಿ ಕೊಡುತ್ತಾರೆಂದು ಅವನು ಹಿಂದೊಮ್ಮೆ ಹೇಳಿದ್ದು ಅವರಿಗೆ ನೆನಪಿತ್ತು. ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಉಪ್ಪು ಹಾಕಿ, ಬಟ್ಟಲಲ್ಲಿ ತಂದುಕೊಟ್ಟರು.

“ಆ ಗಂಜಿ ನನ್ನ ಗಂಟಲಲ್ಲಿ ಇಳಿಯಲಿಲ್ಲ ಉಸ್ತಾದ್” ಎಂದ ಹುಡುಗ. ನಾಲ್ಕು ದಿನ ಕಳೆದ ಮೇಲೆ ಅವನು ಆ ತಾಯಿಗೆ ಸತ್ಯವನ್ನು ಹೇಳಿದ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ತಿಂಗಳು ನೀನು ಚೆನ್ನಾಗಿದೆ, ಸರಿ, ಏನೂ ತೊಂದರೆಯಿಲ್ಲ ಎಂದು ಹೇಳಿದ್ದರಲ್ಲಿ ಯಾವುದನ್ನು ನಾನು ನಂಬಲಿ?” ಎಂದಷ್ಟೇ ಕೇಳಿದರು.

ಹುಡುಗ ನನ್ನನ್ನು ಕೇಳಿದ: “ನಾನು ಮಾಡಿದ್ದು ದೀನಿಗಾಗಿ ಅಲ್ಲವೇ? ಮತ್ತೇಕೆ ನನಗೆ ಇಷ್ಟು ನಾಚಿಕೆ?”

ನಾನು ಕೂಡಲೇ ಉತ್ತರಿಸಲಿಲ್ಲ. ಏಕೆಂದರೆ ಅವನು ಊರು ಬಿಡುವ ಮುನ್ನ ನನ್ನ ಬಳಿ ಸಲಹೆ ಕೇಳಲು ಬಂದಾಗ, “ಅಂತಹ ಸಂದರ್ಭ ಬಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೋ” ಎಂದವನು ನಾನೇ. ಆ ಮಾತನ್ನು ಹೇಳುವಾಗ ನಾನು ಅವನ ದೀನನ್ನು ರಕ್ಷಿಸುತ್ತಿದ್ದೇನೆಂದು ಭಾವಿಸಿದ್ದೆ.

ಆ ರಾತ್ರಿ ನನಗೆ ಇಬ್ರಾಹೀಮ್(ಅ)ರ ಅತಿಥಿಗಳ ವೃತ್ತಾಂತ ನೆನಪಾಯಿತು. ಸೂರಃ ಹೂದ್‌ನಲ್ಲಿ ಅದು ಬಂದಿದೆ. ಅಪರಿಚಿತರು ಮನೆಗೆ ಬಂದಾಗ ಇಬ್ರಾಹೀಮ್(ಅ) ತಡಮಾಡದೆ ಹುರಿದ ಕರುವನ್ನು ತಂದಿಟ್ಟರು. ಆದರೆ ಅತಿಥಿಗಳ ಕೈ ಆಹಾರದತ್ತ ಚಾಚಲಿಲ್ಲ. ಅದನ್ನು ಕಂಡು ಆ ಮಹಾಪ್ರವಾದಿಯ ಮನದಲ್ಲೂ ಭಯ ಮೂಡಿತು. ಈ ವೃತ್ತಾಂತದಿಂದ ನಾವು ಸಾಮಾನ್ಯವಾಗಿ ಆತಿಥೇಯನ ಔದಾರ್ಯದ ಪಾಠವನ್ನು ಮಾತ್ರ ಕಲಿಸುತ್ತೇವೆ. ಅದರಲ್ಲಿ ಅತಿಥಿಗಳಿಗೂ ಒಂದು ಪಾಠವಿದೆ. ಬಂದವರು ಮಲಕ್‌ಗಳು. ಅವರಿಗೆ ಉಣ್ಣಲಾಗದು, ಉಣ್ಣಲೂ ಇಲ್ಲ. ಆದರೆ ಉಂಡಂತೆ ನಟಿಸಲಿಲ್ಲ, ಹಸಿವಿಲ್ಲವೆಂಬ ನೆಪವನ್ನೂ ಹೇಳಲಿಲ್ಲ. ಹೆದರಬೇಡಿರೆಂದು ಸಮಾಧಾನಪಡಿಸಿ, ತಾವು ಲೂತ್(ಅ)ರ ಜನರೆಡೆಗೆ ಕಳುಹಿಸಲ್ಪಟ್ಟವರೆಂದು ನಿಜವನ್ನು ತಿಳಿಸಿದರು. ಆತಿಥ್ಯವನ್ನು ನಿರಾಕರಿಸುವುದೇ ಅಪರಾಧವಲ್ಲ. ಕಾರಣ ತಿಳಿಸದೆ ಮನೆಯವರನ್ನು ಕತ್ತಲಲ್ಲಿಡುವುದು ಅಪರಾಧ.

ಇನ್ನೊಂದು ನಿದರ್ಶನ ನಮ್ಮ ಇತಿಹಾಸದ್ದೇ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆಯನ್ನು ತಾಳಲಾರದೆ ಸಹಾಬಿಗಳ ಒಂದು ತಂಡವು ಅಬಿಸೀನಿಯಾಕ್ಕೆ ಹೋಯಿತು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಅವರಿಗೆ ಆಶ್ರಯ ಕೊಟ್ಟನು. ಅವರನ್ನು ಹಿಂದಕ್ಕೆ ತರಲು ಕುರೈಶರು ದೂತರನ್ನು ಕಳುಹಿಸಿದರು. ಜಅ್‌ಫರ್ ಬಿನ್ ಅಬೀತಾಲಿಬ್(ರ) ದೊರೆಯ ಸಭೆಯಲ್ಲಿ ಸೂರಃ ಮರ್ಯಮ್‌ನ ಭಾಗವನ್ನು ಓದಿದಾಗ ದೊರೆಯ ಕಣ್ಣು ತುಂಬಿ ಬಂದುದನ್ನು ನಾವೆಲ್ಲ ಕೇಳಿದ್ದೇವೆ. ಮರುದಿನದ ಪರೀಕ್ಷೆ ಅದಕ್ಕಿಂತ ಕಠಿಣವಾಗಿತ್ತು. ಈಸಾ(ಅ)ರ ಬಗ್ಗೆ ಇವರ ನಂಬಿಕೆ ಏನೆಂದು ಕೇಳಿ ನೋಡಿರೆಂದು ಕುರೈಶರ ದೂತನು ದೊರೆಯನ್ನು ಪ್ರಚೋದಿಸಿದ್ದನು. ಒಂದು ನಯವಾದ ಸುಳ್ಳು ಹೇಳಿದ್ದರೆ ಅವರ ಆಶ್ರಯ ಭದ್ರವಾಗುತ್ತಿತ್ತು. ಸತ್ಯ ಹೇಳಿದರೆ ಪ್ರಾಣಕ್ಕೇ ಅಪಾಯವಿತ್ತು. ಏನಾದರಾಗಲಿ, ಅಲ್ಲಾಹನು ತಿಳಿಸಿದ್ದನ್ನೇ ಹೇಳೋಣ ಎಂದು ಅವರು ನಿರ್ಧರಿಸಿದರು. ಈಸಾ(ಅ) ಅಲ್ಲಾಹನ ದಾಸರು ಮತ್ತು ಪ್ರವಾದಿಯೆಂದು ಹೇಳಿಯೇ ಬಿಟ್ಟರು. ನಜ್ಜಾಶಿ ಅವರನ್ನು ಹೊರಗಟ್ಟಲಿಲ್ಲ. ಸತ್ಯ ಹೇಳುವ ಅತಿಥಿಯನ್ನು ನಂಬಬಹುದೆಂಬುದು ಅವನಿಗೆ ಮನವರಿಕೆಯಾಗಿತ್ತು.

ಪರಧರ್ಮೀಯರ ಹಬ್ಬದ ಮನೆಯಲ್ಲಿ ಎಲ್ಲಿಯವರೆಗೆ ಹೋಗಬಹುದೆಂಬುದರಲ್ಲಿ ವಿದ್ವಾಂಸರ ನಡುವೆ ಚರ್ಚೆಯಿದೆ. ಇಮಾಮ್ ಇಬ್ನು ತೈಮಿಯ್ಯಾ (1263–1328) ಈ ವಿಷಯದಲ್ಲಿ ಕಠಿಣ ನಿಲುವು ತಾಳಿದ್ದರು. 1997ರಲ್ಲಿ ಸ್ಥಾಪನೆಯಾದ ಯುರೋಪಿನ ಫತ್ವಾ ಮಂಡಳಿಯು, ನಮ್ಮೊಂದಿಗೆ ಸೌಹಾರ್ದದಿಂದಿರುವ ನೆರೆಯವರಿಗೆ ಹಬ್ಬದ ಶುಭ ಕೋರುವುದಕ್ಕೆ ಅನುಮತಿ ನೀಡಿದೆ. ಹಂದಿಮಾಂಸ, ಮದ್ಯ ಮತ್ತು ಅಲ್ಲಾಹನ ಹೊರತು ಅನ್ಯರ ಆರಾಧನೆ ನಿಷಿದ್ಧ ಎಂಬುದರಲ್ಲಿ ಎರಡು ಮಾತಿಲ್ಲ. ಉಳಿದ ಚರ್ಚೆಯನ್ನು ತೀರ್ಮಾನಿಸುವುದು ನನ್ನ ಯೋಗ್ಯತೆಗೆ ಮೀರಿದ್ದು. ಆದರೆ ಕಠಿಣ ಅಭಿಪ್ರಾಯವನ್ನು ಅನುಸರಿಸುವವನಿಗಾಗಲಿ ಉದಾರ ಅಭಿಪ್ರಾಯವನ್ನು ಅನುಸರಿಸುವವನಿಗಾಗಲಿ, ತನ್ನನ್ನು ಸಾಕುತ್ತಿರುವವರಿಗೆ ಸುಳ್ಳು ಹೇಳುವ ಅನುಮತಿ ಎಲ್ಲಿದೆ? ಜಗಳವಾಡಿದವರನ್ನು ಒಂದುಗೂಡಿಸುವಂತಹ ಕೆಲವು ಸಂದರ್ಭಗಳಲ್ಲಿ ಶರೀಅತ್ ರಿಯಾಯಿತಿ ತೋರಿದೆ, ನಿಜ. ನಮ್ಮ ಸಂಕೋಚವನ್ನು ಮುಚ್ಚಿಕೊಳ್ಳುವುದು ಆ ಪಟ್ಟಿಯಲ್ಲಿಲ್ಲ.

ಹದಿನಾರರ ಹುಡುಗ, ಒಂಟಿಯಾಗಿ, ಪರಭಾಷೆಯಲ್ಲಿ ಇಷ್ಟೆಲ್ಲ ಹೇಗೆ ಹೇಳಿಯಾನು ಎಂದು ಕೆಲವರು ಕೇಳಬಹುದು. ಕಷ್ಟವೇ. ಆದುದರಿಂದಲೇ ಅದನ್ನು ಕಲಿಸಿ ಕಳುಹಿಸಬೇಕಾದವರು ನಾವು. “ನಾನು ನಿಮ್ಮೊಂದಿಗೆ ಬರುತ್ತೇನೆ. ಆ ಮಾಂಸ ತಿನ್ನುವುದಿಲ್ಲ. ಪ್ರಾರ್ಥನೆಯ ವೇಳೆ ಸುಮ್ಮನೆ ಕುಳಿತಿರುತ್ತೇನೆ. ನನ್ನ ನಮಾಝ್‌ಗೆ ಒಂದು ಕೋಣೆ ಬೇಕು” ಎನ್ನಲು ನಾಲ್ಕು ವಾಕ್ಯ ಸಾಕು. ಹೋಗಲೇಬಾರದೆಂದು ಮನಸ್ಸು ಹೇಳಿದರೆ, “ನಾನು ಬರಲಾರೆ, ನೀವು ಸಂತೋಷದಿಂದ ಹೋಗಿ ಬನ್ನಿ, ನನಗೆ ಇನ್ನೊಂದು ಏರ್ಪಾಡು ಮಾಡಿಕೊಡಿ” ಎಂದು ಮುಂಚಿತವಾಗಿ ಹೇಳಬಹುದಿತ್ತು. ಆಗ ಆ ತಾಯಿಯ ಹಬ್ಬ ಹಾಳಾಗುತ್ತಿರಲಿಲ್ಲ. ಅತಿಥಿಯು ಮನೆಯವರನ್ನು ಕಷ್ಟಕ್ಕೆ ಸಿಲುಕಿಸುವಷ್ಟು ಕಾಲ ತಂಗಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸುಳ್ಳಿನಿಂದ ಅವರನ್ನು ಕಷ್ಟಕ್ಕೆ ಸಿಲುಕಿಸುವುದು ಅದಕ್ಕಿಂತ ಹಗುರವಾದೀತೇ?

ಈ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಈದ್ ದಿನ ನೆರೆಯ ಸಸ್ಯಾಹಾರಿ ಗೆಳೆಯ ನಮ್ಮ ಮನೆಗೆ ಬಂದು, ಏನನ್ನೂ ಮುಟ್ಟದೆ, “ಇವತ್ತು ಉಪವಾಸ” ಎನ್ನುತ್ತಾನೆ. ನಾವು ನಕ್ಕು ಮತ್ತೂ ಒತ್ತಾಯಿಸುತ್ತೇವೆ. ಅವನಿಗೆ ಅಳುಕು ಯಾವುದೆಂದು ನಾವೇ ಮೊದಲು ಕೇಳಿ, ಬೇರೆ ಪಾತ್ರೆಯಲ್ಲಿ ಪಾಯಸ ಮಾಡಿಟ್ಟರೆ ಅವನು ನೆಪ ಹುಡುಕಬೇಕಾಗಿಲ್ಲ. ಸತ್ಯ ಹೇಳುವುದನ್ನು ಸುಲಭ ಮಾಡಿಕೊಡುವುದೂ ಆತಿಥ್ಯವೇ. ಮಿನ್ನೆಸೋಟದ ಆ ತಾಯಿ ತಾವಾಗಿ ಕೇಳಿ ಅದನ್ನು ಮಾಡಿದ್ದರು. ತಪ್ಪಿದವರು ನಾವು.

ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: “ನಿನ್ನ ಉದ್ದೇಶ ದೀನಿನದ್ದು, ದಾರಿ ದೀನಿನದ್ದಲ್ಲ. ಆ ದಾರಿ ತೋರಿಸಿದವನು ನಾನು. ಸತ್ಯ ಹೇಳಿ ನೀನು ಮರಳಿ ಬಂದೆ. ನಾಚಿಕೆ ಈಮಾನಿನ ಒಂದು ಶಾಖೆ. ಆ ನಾಚಿಕೆಯನ್ನು ಕಳೆದುಕೊಳ್ಳಬೇಡ.” ಆ ಮನೆಗೆ ಅವನು ಈಗಲೂ ಕಾಗದ ಬರೆಯುತ್ತಾನೆ. ಈ ಸಲದ ಕಾಗದದಲ್ಲಿ, ನೆಪ ಹೇಳಲು ಕಲಿಸಿದ ಉಸ್ತಾದರು ಕ್ಷಮೆ ಕೇಳಿದ್ದಾರೆಂದು ಒಂದು ಸಾಲು ಸೇರಿಸಲು ಹೇಳಿದ್ದೇನೆ.

ನಮ್ಮ ಮಕ್ಕಳು ವಿದ್ಯೆಗಾಗಿ, ದುಡಿಮೆಗಾಗಿ ದೂರದ ನಾಡುಗಳಿಗೆ ಹೋಗುತ್ತಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಮುಸಲ್ಲಾ ಇಡುತ್ತೇವೆ, ಉಪ್ಪಿನಕಾಯಿ ಇಡುತ್ತೇವೆ. ಜೊತೆಗೆ ಸತ್ಯ ಹೇಳುವ ಧೈರ್ಯವನ್ನೂ ಕೊಟ್ಟು ಕಳುಹಿಸೋಣ. ಪರರ ಮನೆಯಲ್ಲಿ ನಮ್ಮ ದೀನನ್ನು ಜನರು ಓದುವುದು ನಮ್ಮ ಮಾತಿನ ಮೇಲೆ ಅವರಿಗಿರುವ ನಂಬಿಕೆಯಲ್ಲಿ. ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸತ್ಯವಂತರ ಸಾಲಿನಲ್ಲಿ ಸೇರಿಸಲಿ. ಆಮೀನ್.