ಲೇಬಲ್ಲಿನಲ್ಲಿ ಇಲ್ಲದ ಹೆಸರು

ಕ್ಯಾಸೆಟ್ಟಿನ ಕಾಲದಲ್ಲಿ ಕಿಗ್ಗದ ಕಡೆ ಜಾನಪದ ಗೀತೆ ಎಂದರೆ ಬಿ.ಕೆ. ಸುಮಿತ್ರ ಅವರ ದನಿ. ಅವರ ಹುಟ್ಟೂರು ಬಿದರಗೋಡು ಶೃಂಗೇರಿಯ ಬಳಿಯದೇ ಆದ್ದರಿಂದ ಆ ಹಾಡುಗಳ ಮೇಲೆ ಇಲ್ಲಿಯವರಿಗೆ ತುಸು ಹೆಚ್ಚೇ ಸಲುಗೆ. ಮಳೆ ಬರಲೆಂದೂ ನಿಲ್ಲಲೆಂದೂ ಜನ ಹರಕೆ ಹೊರುವ ಋಷ್ಯಶೃಂಗೇಶ್ವರನ ಊರು ಕಿಗ್ಗ. ಆಷಾಢದ ಥಂಡಿಗೆ ಟೇಪಿನ ಸುರುಳಿಗೂ ಬೂಷ್ಟು ಹಿಡಿಯುತ್ತಿತ್ತು. ಒಲೆಯ ಕಾವು ಹದವಾಗಿ ತಾಗುವ ಗೋಡೆಗೂಡಿನಲ್ಲಿ ಕ್ಯಾಸೆಟ್ಟುಗಳನ್ನು ಜೋಡಿಸಿಡುತ್ತಿದ್ದರು. ಸುರುಳಿ ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸಿ ಬಿಗಿ ಮಾಡಿ, ಮತ್ತೆ ಹಾಕುವುದು.

ಮಣ್ಣು ತುಳಿಯುವ ಕುಂಬಾರಣ್ಣನ ಹಾಡು, ನಿಂಬೆಯ ಬನದ ಹಾಡು ಹೀಗೆ ಮನೆಮನೆಯಲ್ಲಿ ನೆಲೆಯಾದವು. ಅವುಗಳ ಮಾತು ಮಲೆನಾಡಿನದಲ್ಲ, ಬಯಲುಸೀಮೆಯದು. ಅಲ್ಲಿಯ ಹೆಂಗಸರು ಬೀಸುವಾಗ, ಕುಟ್ಟುವಾಗ ಕಟ್ಟಿದ ಪದಗಳನ್ನು ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದಿದ್ದರು. ಇಂಥ ಪದಗಳಿಗೆ ಕೊಳಲು, ತಬಲಾ ಸೇರಿಸಿದಾಗ ಒರಟುತನ ಕಳೆದುಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಮಿತ್ರ ಅವರ ಉಚ್ಚಾರದಲ್ಲಿ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಒಮ್ಮೆ ಕೇಳಿದವರು ತಾವೂ ಗುನುಗಬಹುದು. ಒಬ್ಬ ಗಾಯಕಿಯ ಗೆಲುವು ಎಂದರೆ ನನ್ನ ಮಟ್ಟಿಗೆ ಇದೇ.

ಆದರೆ ಆ ಕ್ಯಾಸೆಟ್ಟುಗಳ ಲೇಬಲ್ಲುಗಳು ನನ್ನನ್ನು ಕಾಡುತ್ತವೆ. ಹಾಡಿದವರ ಹೆಸರಿದೆ, ಸಂಗೀತ ಕೊಟ್ಟವರ ಹೆಸರಿದೆ. ಸಾಹಿತ್ಯ ಎಂಬಲ್ಲಿ ಬರೀ ‘ಜನಪದ’. ಆ ಪದ ಕಟ್ಟಿದವಳಿಗೂ ಒಂದು ಹೆಸರು, ಒಂದು ತವರೂರು ಇತ್ತಲ್ಲ! ಅದನ್ನು ಕೇಳಿ ಬರೆದಿಡುವವರು ಇರಲಿಲ್ಲ, ಅಷ್ಟೆ.

ಇಲ್ಲಿಯ ಹಾಡುಗಳಿಗೂ ಅದೇ ಗತಿಯಾಗಬಾರದು. ದೀಪಾವಳಿಯಲ್ಲಿ ಗಂಡಸರು ಮನೆಮನೆಗೆ ದೀಪ ಹೊತ್ತು ಹಾಡುವ ಅಂಟಿಗೆ ಪಿಂಟಿಗೆ ಹೇಗೋ ವೇದಿಕೆ ಹತ್ತಿತು. ಹೆಂಗಸರ ಹಸೆ ಹಾಡು, ಆರತಿ ಹಾಡು, ಉರುಟಣೆ ಹಾಡು ಇನ್ನೂ ರೂಲು ಹಾಕಿದ ನೋಟ್‌ಬುಕ್ಕಿನಲ್ಲೇ ಇವೆ. ಆರತಿಯ ಪುಟದ ಮೂಲೆಯಲ್ಲಿ ಎಣ್ಣೆ ಜಿಡ್ಡು, ಅಂಚಿನಲ್ಲಿ ಅರಿಶಿನದ ಬೆರಳಚ್ಚು. ಧಾಟಿ ಮಾತ್ರ ಪುಸ್ತಕದಲ್ಲಿಲ್ಲ, ಅದು ಎಂಬತ್ತು ದಾಟಿದ ಅಜ್ಜಿಯ ಗಂಟಲಲ್ಲಿದೆ.

ಮಳೆಗಾಲದಲ್ಲಿ ಮದುವೆ ಮುಂಜಿ ಕಡಿಮೆ, ಅಜ್ಜಿಯರಿಗೂ ಬಿಡುವು. ಮೊಬೈಲು ಎದುರಿಟ್ಟು ಹಾಡಿಸಿ. ಹೆಸರೇನು, ತವರು ಯಾವುದು, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಮೊದಲು ಹೇಳಿಸಿ. ಆಮೇಲೆ ಹಾಡು.