ಅಂಚು ನೋಡದವನ ತಕರಾರು

1862ರ ವಿಕ್ಟೋರಿಯಾ ರೂಪಾಯಿಯೊಂದು ನನ್ನ ಬಳಿ ಇದೆ. ನಾಣ್ಯ ಪ್ರದರ್ಶನವೊಂದರಲ್ಲಿ ಕೊಂಡದ್ದು. ರಾಣಿಯ ಉಡುಪಿನ ಕಸೂತಿ ಎಳೆ ಎಳೆಯಾಗಿ ಕಾಣುತ್ತಿತ್ತು, ಅದಕ್ಕೇ ಮರುಳಾದೆ. ಮನೆಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರೆ, ಕಿರೀಟದ ನೇರಕ್ಕೆ ಅಂಚಿನ ಹಲ್ಲುಗಳು ಮಾಯವಾಗಿ ಅಕ್ಕಿಕಾಳಿನಷ್ಟು ಜಾಗ ನುಣ್ಣಗಿತ್ತು. ಯಾರದೋ ಕೊರಳ ಸರದಲ್ಲಿ ತೂಗಿದ್ದ ರೂಪಾಯಿ. ಕೊಂಡಿ ಕಿತ್ತು, ಬೆಸುಗೆಯ ಗುರುತನ್ನು ಅರದಿಂದ ಉಜ್ಜಿ ಮಾರಾಟಕ್ಕೆ ಇಟ್ಟಿದ್ದರು.

ಮಾರಿದವನನ್ನು ಕೇಳಿದೆ. "ನೀವೇ ಕೈಲಿ ಹಿಡಿದು ನೋಡಿದ್ರಲ್ಲ ಸಾರ್" ಎಂದ.

ಅವನ ಮಾತಿಗೆ ಕಾನೂನಿನ ಒತ್ತಾಸೆಯೂ ಉಂಟು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಪ್ರಕಾರ, ಸರಕಿನ ಗುಣಕ್ಕೆ ಮಾರುವವನು ತಾನಾಗಿ ಹೊಣೆಯಾಗುವ ಸಂದರ್ಭಗಳು ಕೆಲವೇ. ಅಲ್ಲೂ ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಆಮೇಲೆ ತಕರಾರಿಲ್ಲ. 'ಕಾಣಬೇಕಿದ್ದ' ಎಂದರೆ ಯಾರ ಕಣ್ಣಿಗೆ? ಇಪ್ಪತ್ತು ವರ್ಷ ಭೂತಗನ್ನಡಿ ಹಿಡಿದವನ ಕಣ್ಣಿಗೋ, ನಿನ್ನೆ ಮೊನ್ನೆ ಹವ್ಯಾಸ ಅಂಟಿಸಿಕೊಂಡ ಹುಡುಗನ ಕಣ್ಣಿಗೋ?

ಈ ಜಗಳವೇ ಬೇಡವೆಂದು ಹುಟ್ಟಿದ್ದು, ನಾಣ್ಯದ ಸ್ಥಿತಿಗೆ ಅಂಕಿ ಕೊಡುವ ಗ್ರೇಡಿಂಗ್. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ದೊಡ್ಡ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಳತೆಗೋಲು ಹಾಕಿಕೊಟ್ಟ. 70ರ ನಾಣ್ಯಕ್ಕೆ 1ರ ನಾಣ್ಯದ 70 ಪಟ್ಟು ಬೆಲೆ ಎಂಬುದು ಅದರ ಮೂಲ ಲೆಕ್ಕಾಚಾರ. ಅಂದರೆ ಅಂಕಿ ಹುಟ್ಟಿದ್ದೇ ದುಡ್ಡಿನ ಲೆಕ್ಕಕ್ಕೆ. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳು ಬಂದವು. ನಾಣ್ಯವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಅಂಕಿ ಬರೆದುಕೊಡುವ ರೂಢಿ ಬೆಳೆಯಿತು. ತೂತಾದ, ಉಜ್ಜಿದ, ಕೊಂಡಿ ಬೆಸೆದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕಿ ಸಿಗದು. 'ಡೀಟೇಲ್ಸ್' ಎಂಬ ಪಟ್ಟಿ ಅಂಟಿಸಿ ಕಾರಣ ಬರೆಯುತ್ತಾರೆ.

ನನಗೆ ಗಂಟಲಲ್ಲಿ ಇಳಿಯದ್ದು ಇದೇ. ಸಾವಿರ ಕೈ ಸೇರಿ ಉಜ್ಜಿದರೆ ಸವಕಳಿ, ಒಂದೇ ಕೈ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಹಾನಿ. ಲೋಹ ಹೋದದ್ದು ಎರಡರಲ್ಲೂ. ಸವಕಳಿ ನಾಣ್ಯದ ದುಡಿಮೆಯ ಗುರುತು, ಅದಕ್ಕೆ ಮರ್ಯಾದೆ ಎನ್ನಬಹುದು. ಹಾಗಾದರೆ ಸರದಲ್ಲಿ ತೂಗಿದ್ದು ದುಡಿಮೆಯಲ್ಲವೇ? ನಮ್ಮ ಅಜ್ಜಿಯರಿಗೆ ಕೊರಳೇ ಬ್ಯಾಂಕು. ಶರಾಫರು, ಚಿನಿವಾರರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಸಣ್ಣ ಗುರುತುಗಳು ಹಳೆಯ ರೂಪಾಯಿಗಳ ಮೈಮೇಲೆ ಸಿಗುತ್ತವೆ. ಒಂದು ಕಾಲಕ್ಕೆ ಅದು 'ಇದನ್ನು ನಂಬಬಹುದು' ಎಂಬ ಸಾಕ್ಷಿ. ಇಂದು ಬಹುಪಾಲು ಕೊಳ್ಳುವವರಿಗೆ ಅದೊಂದು ಕಲೆ.

ಬೆಲೆಯ ಮಟ್ಟಿಗೆ ಇದೆಲ್ಲ ಸರಿಯಿರಬಹುದು, ಕಡಿಮೆ ಜನ ಬಯಸಿದ್ದಕ್ಕೆ ಕಡಿಮೆ ಬೆಲೆ. ಆದರೆ ನೀತಿಯ ಲೆಕ್ಕದಲ್ಲಿ ತೂತನ್ನೂ ಮುಚ್ಚಿದ ತೂತನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನಾನು ಒಪ್ಪಲಾರೆ. ತೂತು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅದನ್ನು ನೋಡದೆ ಕೊಂಡವನು ತನ್ನನ್ನೇ ಬೈದುಕೊಳ್ಳಬೇಕು. ಮುಚ್ಚಿದ ತೂತಿನ ಹಿಂದೆ ಕೊಳ್ಳುವವನ ಕಣ್ಣನ್ನು ಲೆಕ್ಕ ಹಾಕಿದ ಒಂದು ಬುದ್ಧಿ ಇದೆ. ಕಣ್ಣು ತೆರೆದು ನೋಡುವ ಹೊಣೆ ನನ್ನದಾದರೆ, ಆ ಕಣ್ಣಿಗೆ ಮಣ್ಣೆರಚದಿರುವ ಹೊಣೆ ಅವನದು. ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳಿಹಾಕಲಾಗದು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ಸಾಚಾ ಆಗಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನು ಹೇಳಿದ ಬೆಲೆ ಆ ಕಸೂತಿಗೆ ತೀರಾ ಅಗ್ಗವಾಗಿತ್ತು. ಪಾಪ, ಇವನಿಗೆ ಬೆಲೆ ಗೊತ್ತಿಲ್ಲ ಎಂದುಕೊಂಡು ನಾನು ಬೇಗಬೇಗ ದುಡ್ಡು ಎಣಿಸಿದ್ದೆ. ಚೌಕಾಸಿಯನ್ನೂ ಮಾಡಲಿಲ್ಲ, ಎಲ್ಲಿ ಮನಸ್ಸು ಬದಲಿಸುತ್ತಾನೋ ಎಂದು. ನನಗೆ ಅಂಚು ಗೊತ್ತಿಲ್ಲವೆಂದು ಅವನು ಸುಮ್ಮನಿದ್ದ, ಅವನಿಗೆ ಬೆಲೆ ಗೊತ್ತಿಲ್ಲವೆಂದು ನಾನು ಸುಮ್ಮನಿದ್ದೆ. ಅವನ ಮೌನ ಮೋಸವಾದರೆ ನನ್ನದಕ್ಕೆ ಏನೆನ್ನಬೇಕು? ಹವ್ಯಾಸಿಗಳ ನಡುವೆ ಅದಕ್ಕೆ 'ಒಳ್ಳೆ ಕಣ್ಣು' ಎಂಬ ಹೆಸರಿದೆ, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊಣೆ ಇರುವುದು ಕೊಳ್ಳುವವ, ಮಾರುವವ ಎಂಬ ಪಾತ್ರಗಳಲ್ಲಿ ಅಲ್ಲ, ಯಾರಿಗೆ ಏನು ತಿಳಿದಿದೆ ಎಂಬುದರಲ್ಲಿ ಎಂದು ಈಗೀಗ ಅನ್ನಿಸುತ್ತದೆ. ಕಿಟಕಿಯ ಬಳಿ ಅಂಚು ತಿರುಗಿಸಿದ ಗಳಿಗೆಯಲ್ಲೇ ಆ ಹೊಣೆ ಅವನ ಕೈಯಿಂದ ನನ್ನ ಕೈಗೂ ಬಂತು.

ಕಳೆದ ತಿಂಗಳು ಮನೆಗೆ ಬಂದಿದ್ದ ಗೆಳೆಯರೊಬ್ಬರು ಆ ರೂಪಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಕೊಡ್ತೀರಾ?" ಎಂದರು. ಅಂಚು ತಿರುಗಿಸಲಿಲ್ಲ. "ಪಕ್ಕ ನೋಡಿ" ಎಂದೆ. ಹೇಳಿದ್ದೇನೋ ಹೇಳಿದೆ, ಅದಕ್ಕೂ ಮುಂಚೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂತಿದ್ದೆ.