ಉಪ್ಪಿನ ಋಣವೂ ಏಳಿಗೆಯ ಧರ್ಮವೂ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಕನ್ನಡ ನಾಡಿನ ಮನೆಮನೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತ ಬಂದಿರುವ ನೀತಿಯು. ಮನುಷ್ಯನು ಉದ್ಯೋಗಶೀಲನಾಗಿ ಮೇಲಕ್ಕೇರಬೇಕು, ಇದ್ದಲ್ಲಿಯೇ ಇರುವುದು ಆಲಸ್ಯದ ಲಕ್ಷಣ ಎಂಬುದೂ ಅದೇ ಹಿರಿಯರು ಹೇಳಿದ ನೀತಿಯೇ. ಈ ಎರಡು ನೀತಿಗಳು ಒಂದಕ್ಕೊಂದು ಎದುರಾಗಿ ನಿಲ್ಲುವ ಸ್ಥಳಗಳು ಲೋಕದಲ್ಲಿ ಹಲವುಂಟು. ಆದರೆ ಅನ್ನವನ್ನು ಬೇಯಿಸಿ ಮಾರುವ ವೃತ್ತಿಯಲ್ಲಿರುವಷ್ಟು ಸ್ಪಷ್ಟವಾದ ಇದಿರು ಬೇರೆಡೆಯಲ್ಲಿ ಅಪರೂಪ. ಏಕೆಂದರೆ, ಇತರ ಉದ್ಯೋಗಗಳಲ್ಲಿ ಯಜಮಾನನು ಬಹುಮಟ್ಟಿಗೆ ಸಂಬಳವನ್ನು ಮಾತ್ರ ಕೊಡುತ್ತಾನೆ; ಹೋಟೆಲಿನ ಯಜಮಾನನಾದರೋ ಸಂಬಳದೊಡನೆ ಊಟವನ್ನೂ, ಅನೇಕ ವೇಳೆ ಮಲಗುವ ಸ್ಥಳವನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಕೈಗೊಂದು ವಿದ್ಯೆಯನ್ನೂ ಕೊಡುತ್ತಾನೆ. ಹೀಗೆ ಉಪ್ಪನ್ನೂ ವಿದ್ಯೆಯನ್ನೂ ಒಂದೇ ಮನೆಯಲ್ಲಿ ಪಡೆದವನು ಒಂದು ದಿನ ಆ ಹೊಸ್ತಿಲನ್ನು ದಾಟಿ ಹೆಚ್ಚಿನ ಸಂಬಳದ ಕಡೆಗೆ ಹೋದರೆ, ಅಥವಾ ಅದೇ ಪೇಟೆಯಲ್ಲಿ ತನ್ನದೇ ಒಲೆಯನ್ನು ಹೂಡಿದರೆ, ಅವನು ಕೃತಘ್ನನೇ? ಇಲ್ಲವೆ, ತನ್ನ ಧರ್ಮವನ್ನೇ ನಡೆಸಿದವನೇ? ಇದು ವಿಚಾರಾರ್ಹವಾದ ಪ್ರಶ್ನೆಯು.

ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ಎಲ್ಲರೂ ಬಲ್ಲ ಒಂದು ಉದಾಹರಣೆಯನ್ನು ಹಿಡಿದು ನೋಡುವುದು ಲೇಸು. ಉಡುಪಿಯ ಹೋಟೆಲುಗಳ ಚರಿತ್ರೆಯೇ ಆ ಉದಾಹರಣೆ. ಶ್ರೀಕೃಷ್ಣನ ಗುಡಿಯನ್ನೂ ಅಷ್ಟಮಠಗಳನ್ನೂ ಆಶ್ರಯಿಸಿ, ಬಹುಜನರಿಗೆ ಅಡಿಗೆ ಮಾಡಿ ಬಡಿಸುವ ಕೌಶಲವು ಆ ಸೀಮೆಯಲ್ಲಿ ತಲೆತಲಾಂತರದಿಂದ ಬೆಳೆದಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಸಣ್ಣ ಹಿಡುವಳಿಯಿಂದ ಸಂಸಾರ ಸಾಗದೆಯೂ, 1923ರ ದೊಡ್ಡ ನೆರೆಯಂತಹ ವಿಪತ್ತುಗಳಿಂದ ಕಂಗೆಟ್ಟೂ, ಅಲ್ಲಿಯ ಹುಡುಗರು ಮದರಾಸು, ಮುಂಬಯಿ, ಬೆಂಗಳೂರು, ಮೈಸೂರುಗಳಿಗೆ ಹೊರಟರು. ಅವರ ಏರಿಕೆಗೆ ಒಂದು ಕ್ರಮವಿದ್ದಿತು. ಮೊದಲು ಎಂಜಲು ತಟ್ಟೆ ಲೋಟಗಳನ್ನೆತ್ತಿ ಮೇಜು ಒರಸುವ ಕ್ಲೀನರು. ಆಮೇಲೆ ಗಿರಾಕಿಗಳಿಗೆ ತಿಂಡಿ ತಂದುಕೊಡುವ ಮಾಣಿ. ಕೈ ಕುದುರಿದವನಿಗೆ ರುಬ್ಬುವ ಕಲ್ಲು, ದೋಸೆಯ ಕಾವಲಿ, ಕಾಫಿಯ ಡಿಕಾಕ್ಷನ್ನು. ಅದಾದ ಮೇಲೆ ಅಡಿಗೆಭಟ್ಟರ ಸ್ಥಾನ. ಲೆಕ್ಕ ಬಲ್ಲವನಿಗೆ ಗಲ್ಲಾ. ಕೊನೆಗೆ, ಸಾಹಸವೂ ಅದೃಷ್ಟವೂ ಕೂಡಿಬಂದವನಿಗೆ ತನ್ನದೇ ಒಂದು ಹೋಟೆಲು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದ ಕೆ. ಕೃಷ್ಣರಾಯರೂ, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಎ. ರಾಮ ನಾಯಕರೂ ಪರರ ಅಡಿಗೆಮನೆಯ ಸಣ್ಣ ಕೆಲಸದಿಂದಲೇ ಬಾಳನ್ನು ಆರಂಭಿಸಿದವರು. ಬೆಂಗಳೂರಿನಲ್ಲಿ 1924ರಲ್ಲಿ ಕಾಫಿ ಕ್ಲಬ್ಬನ್ನು ತೆರೆದ ಪಾರಂಪಳ್ಳಿಯ ಮಯ್ಯ ಸೋದರರು ಅದಕ್ಕೆ ಮೊದಲು ಇತರರ ಮನೆಗಳಲ್ಲಿ ಅಡಿಗೆಯವರಾಗಿದ್ದರು. ಆ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು.

ಇವರೆಲ್ಲರೂ ಉಂಡ ಮನೆಯನ್ನು ಬಿಟ್ಟು ಹೊರಟವರೇ ಅಲ್ಲವೆ? ಬಿಡುವುದೇ ದ್ರೋಹವೆಂದಾದರೆ, ಈ ನಾಡಿನ ಹೋಟೆಲುಗಳಲ್ಲಿ ಬಹುಭಾಗವು ದ್ರೋಹದಿಂದಲೇ ಹುಟ್ಟಿತೆಂದು ಹೇಳಬೇಕಾಗುವುದು. ಲೋಕವು ಹಾಗೆ ಹೇಳುವುದಿಲ್ಲ. ಅವರ ಏಳಿಗೆಯನ್ನು ಮೆಚ್ಚಿಯೇ ಮಾತನಾಡುತ್ತದೆ. ಆದುದರಿಂದ ದೋಷವು ಬಿಡುವುದರಲ್ಲಿಲ್ಲ. ಬಿಡುವ ರೀತಿಯಲ್ಲಿರಬಹುದು, ಬಿಟ್ಟ ಮೇಲೆ ನಡೆದುಕೊಳ್ಳುವ ರೀತಿಯಲ್ಲಿರಬಹುದು.

ನಳಪಾಕವೆಂಬ ಶಬ್ದವನ್ನು ರುಚಿಯಾದ ಅಡಿಗೆಗೆಲ್ಲ ಬಳಸುವ ಜನರು, ನಳನು ಪರರ ಮನೆಯಲ್ಲಿ ಸಂಬಳಕ್ಕಿದ್ದವನೆಂಬುದನ್ನು ಮರೆಯುವುದುಂಟು. ರಾಜ್ಯಭ್ರಷ್ಟನಾದ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಬಳಿಗೆ ಹೋಗಿ, ತಾನು ಕುದುರೆಗಳನ್ನು ನಡೆಸಬಲ್ಲೆನೆಂದೂ, ಅನ್ನಸಂಸ್ಕಾರದಲ್ಲಿಯೂ ಇತರರಿಗಿಂತ ಮಿಗಿಲೆಂದೂ ಹೇಳಿ ಕೆಲಸಕ್ಕೆ ಸೇರಿದ ಕಥೆಯು ಮಹಾಭಾರತದ ವನಪರ್ವದಲ್ಲಿದೆ. ವಿದರ್ಭದ ದಾರಿಯಲ್ಲಿ ಒಡೆಯನು ಆಳಿಗೆ ಅಕ್ಷಹೃದಯವೆಂಬ ದ್ಯೂತರಹಸ್ಯವನ್ನು ಉಪದೇಶಿಸಿದನು. ಪ್ರತಿಯಾಗಿ ದೊರೆಯಬೇಕಾಗಿದ್ದ ಅಶ್ವಹೃದಯವನ್ನು ಕೂಡಲೇ ಕೇಳದೆ, ಅದು ನಿನ್ನಲ್ಲಿಯೇ ಇಟ್ಟ ಒತ್ತೆಯಂತಿರಲಿ ಎಂದು ಬಿಟ್ಟನು. ನಳನ ನಿಜಸ್ವರೂಪವು ತಿಳಿದು ಅವರಿಬ್ಬರೂ ಅಗಲುವ ಕಾಲ ಬಂದಾಗ, ಋತುಪರ್ಣನು ಉಪ್ಪಿನ ಮಾತನ್ನೆತ್ತಲಿಲ್ಲ. ತನ್ನ ಮನೆಯಲ್ಲಿದ್ದಾಗ ತಿಳಿದೋ ತಿಳಿಯದೆಯೋ ತಪ್ಪು ನಡೆದಿದ್ದರೆ ಮನ್ನಿಸಬೇಕೆಂದು ಒಡೆಯನೇ ಕೇಳಿಕೊಂಡನು. ನಳನು ತಾನು ಅಲ್ಲಿ ಸುಖವಾಗಿದ್ದೆನೆಂದು ಹೇಳಿ, ಒತ್ತೆಯಾಗಿದ್ದ ವಿದ್ಯೆಯನ್ನು ಒಪ್ಪಿಸಿದನು. ಋತುಪರ್ಣನು ಬೇರೊಬ್ಬ ಸಾರಥಿಯನ್ನು ಕರೆದುಕೊಂಡು ತನ್ನ ಊರಿಗೆ ಮರಳಿದನು. ಇವನು ರಾಜನೆಂದು ತಿಳಿದ ಮೇಲೆ ವಿನಯ ತೋರಿದ್ದರಲ್ಲಿ ಏನು ಹೆಚ್ಚಳವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅಕ್ಷಹೃದಯವನ್ನು ಕೊಟ್ಟದ್ದು ಅವನಿನ್ನೂ ಕುರೂಪಿಯಾದ ಬಾಹುಕನಾಗಿದ್ದಾಗಲೇ. ಒಡೆಯನು ಮೊದಲು ಕೊಟ್ಟನು, ನಂಬಿ ಕೊಟ್ಟನು. ಆಳು ಹೊರಡುವ ಮುನ್ನ ತೀರಿಸಿದನು. ಇಬ್ಬರೂ ಋಣಮುಕ್ತರಾಗಿ ಅಗಲಿದರು.

ಋಣವೆಂಬುದರ ಸ್ವರೂಪವನ್ನು ಇನ್ನಷ್ಟು ಬಿಡಿಸಿ ನೋಡಬೇಕು. ದೇವಋಣ, ಪಿತೃಋಣ, ಋಷಿಋಣಗಳೆಂದು ಮೂರು ಋಣಗಳನ್ನು ವೇದವೇ ಹೇಳಿದೆ. ಇವುಗಳಲ್ಲಿ ತಂದೆತಾಯಿಗಳ ಋಣವು ಸಂತತಿಯನ್ನು ಪಡೆದು ಸಾಕುವುದರಿಂದಲೂ, ಋಷಿಗಳ ಋಣವು ವಿದ್ಯೆಯನ್ನು ಕಲಿತು ಉಳಿಸುವುದರಿಂದಲೂ ತೀರುತ್ತದೆ. ಎಂದರೆ, ಪಡೆದದ್ದು ಹಿಂದಿನವರಿಂದ, ತೀರಿಸತಕ್ಕದ್ದು ಮುಂದಿನವರಿಗೆ. ಗುರುಕುಲದ ಶಿಷ್ಯನು ಗುರುವಿನ ಮನೆಯಲ್ಲಿಯೇ ಮುದುಕನಾಗಲೆಂದು ಶಾಸ್ತ್ರವು ಎಲ್ಲರಿಗೂ ವಿಧಿಸಲಿಲ್ಲ. ಸಮಾವರ್ತನವೆಂಬ ಸಂಸ್ಕಾರವನ್ನೇ ಇರಿಸಿ, ಕಲಿತವನನ್ನು ಗುರುವೇ ಹರಸಿ ಕಳುಹಿಸುವ ಕ್ರಮವನ್ನು ಮಾಡಿತು. ಹೋಟೆಲಿನ ಅಡಿಗೆಮನೆಯೂ ಒಂದು ಬಗೆಯ ಗುರುಕುಲವಾದರೆ, ಅಲ್ಲಿಯ ಋಣಕ್ಕೂ ಇದೇ ನ್ಯಾಯವು ಸಲ್ಲಬೇಕು. ಕಲಿತವನು ಆ ಮನೆಯಲ್ಲಿ ಸಾಯುವವರೆಗೆ ಇರುವುದರಿಂದ ಅದು ತೀರದು; ತಾನು ಕಲಿತದ್ದನ್ನು ತನ್ನ ಕೆಳಗೆ ಬಂದ ಹುಡುಗನಿಗೆ ಕಲಿಸುವುದರಿಂದ ತೀರುತ್ತದೆ.

ಕಲಿಸುವುದೆಂದರೆ ಇಷ್ಟು ಅಕ್ಕಿ, ಇಷ್ಟು ಉದ್ದು ಎಂದು ಅಳತೆ ಹೇಳುವುದು ಮಾತ್ರವಲ್ಲ. ರುಬ್ಬಿದ ಹಿಟ್ಟು ಬೇಸಗೆಯಲ್ಲಿ ಬೇಗ ಹುಳಿಯೇಳುತ್ತದೆ, ಚಳಿಯಲ್ಲಿ ತಡವಾಗುತ್ತದೆ. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡದೆ ಮುದ್ದೆಯಾಗುತ್ತದೆ, ಆಗ ನೀರು ಚಿಮುಕಿಸಿ ಒರಸಿ ಕಾವನ್ನು ಇಳಿಸಬೇಕು. ಡಿಕಾಕ್ಷನ್ನನ್ನು ಮತ್ತೆ ಕುದಿಸಿದರೆ ಕಾಫಿ ಕಹಿಯಾಗುತ್ತದೆ. ಇಂತಹ ನೂರು ಸೂಕ್ಷ್ಮಗಳು ಪುಸ್ತಕದಿಂದಲ್ಲದೆ ಪಕ್ಕದಲ್ಲಿ ನಿಂತ ಹಿರಿಯನ ಕೈಯಿಂದ ಬರುತ್ತವೆ. 1954ರಲ್ಲಿ ಮುಂಬಯಿಯಲ್ಲಿ ಈ ವಿದ್ಯೆಗಾಗಿಯೇ ಕಾಲೇಜೊಂದು ಹುಟ್ಟಿತು. ಈಗ ಅಂತಹವು ಊರೂರಿಗೂ ಇವೆ. ಆದರೂ ಡಿಪ್ಲೊಮಾ ಪಡೆದು ಬಂದ ತರುಣನು ಮೊದಲ ದಿನ ನಿಲ್ಲುವುದು ಒಬ್ಬ ಹಳೆಯ ಅಡಿಗೆಯವನ ಪಕ್ಕದಲ್ಲಿಯೇ. ಶುಲ್ಕವನ್ನು ಕಾಲೇಜಿಗೆ ತೆತ್ತ ಮಾತ್ರಕ್ಕೆ ಆ ಹಿರಿಯನ ಋಣವು ಇಲ್ಲವಾಗುವುದಿಲ್ಲ.

ಹಾಗಾದರೆ ಹೊರಡುವವನಿಗೆ ಕಟ್ಟುಪಾಡೇ ಇಲ್ಲವೆ? ಉಂಟು. ಕೈಯಲ್ಲಿ ಕೂತ ವಿದ್ಯೆಯು ಅವನದು. ಅದನ್ನು ಯಾರೂ ಕಸಿದುಕೊಳ್ಳಲಾರರು. ಆದರೆ ಯಜಮಾನನ ಲೆಕ್ಕದ ಪುಸ್ತಕವೂ, ಅವನ ಅಂಗಡಿಯ ಹೆಸರೂ ಹೊರಡುವವನ ಸ್ವತ್ತಲ್ಲ. ಹಿಂದಿನ ಮನೆಯ ಹೆಸರಿಗೆ ಒಂದಕ್ಷರ ಕೂಡಿಸಿ ಎದುರಿಗೇ ಬೋರ್ಡು ತೂಗಹಾಕುವುದು ವಿದ್ಯೆಯ ಫಲವಲ್ಲ, ಕಳವಿನ ಫಲ. ಮದುವೆಯ ಕಾಲದಲ್ಲಿ, ಹಬ್ಬದ ಮುನ್ನಾದಿನ, ಹೇಳದೆ ಕೇಳದೆ ಒಲೆಯನ್ನು ಬಿಟ್ಟು ಹೋಗುವುದು ಯಜಮಾನನಿಗೆ ಮಾತ್ರವಲ್ಲ, ತನ್ನ ಪಾಲಿನ ಕೆಲಸವನ್ನೂ ಹೊರಬೇಕಾಗುವ ಜೊತೆಗಾರರಿಗೂ ಮಾಡಿದ ಅನ್ಯಾಯ. ಮೊದಲೇ ತಿಳಿಸಿ, ತನ್ನ ಸ್ಥಳಕ್ಕೆ ಒಬ್ಬನನ್ನು ಸಿದ್ಧಪಡಿಸಿ, ನಮಸ್ಕರಿಸಿ ಹೊರಡುವವನು ಯಾವ ಬೀದಿಯಲ್ಲಿ ಒಲೆ ಹೂಡಿದರೂ ಅವನನ್ನು ಕೃತಘ್ನನೆನ್ನಲಾಗದು.

ಇನ್ನು ಯಜಮಾನನ ಕಡೆಯ ಮಾತು. ತಾನು ಕಲಿಸಿದ್ದೆಲ್ಲ ಎದುರಂಗಡಿಯವನಿಗೆ ಲಾಭವಾಯಿತೆಂದು ಅವನು ನೊಂದರೆ, ಆ ನೋವು ಸುಳ್ಳಲ್ಲ. ಮೂರು ವರ್ಷ ಪಳಗಿಸಿದ ಕೈ ಹೊರಟುಹೋದರೆ ತಿಂಡಿಯ ರುಚಿ ಕೆಡುವುದು, ಗಿರಾಕಿ ಕಡಿಮೆಯಾಗುವುದು, ಕೆಲವು ವೇಳೆ ಸಣ್ಣ ಹೋಟೆಲು ಮುಚ್ಚಿಯೇ ಹೋಗುವುದು. ಧರ್ಮವನ್ನು ನಡೆಸಿದವನಿಗೆ ನಷ್ಟವೇ ಆಗದೆಂದು ಹೇಳುವುದು ಮಕ್ಕಳಿಗೆ ಹೇಳುವ ಸಮಾಧಾನವಾದೀತೇ ಹೊರತು ಸತ್ಯವಾಗದು. ಆದರೆ ಆ ನಷ್ಟಕ್ಕೆ ಹೆದರಿ ಕೆಲವರು ಹಿಡಿಯುವ ದಾರಿಗಳಿವೆ: ಮಸಾಲೆಯನ್ನು ಮರೆಯಲ್ಲಿ ಬೆರೆಸುವುದು, ಸಂಬಳವನ್ನು ಹಿಡಿದಿಡುವುದು, ಮುಂಗಡದ ಸಾಲದಿಂದ ಆಳನ್ನು ಕಟ್ಟಿಹಾಕುವುದು. ಸಾಲದ ಹೆಸರಿನಲ್ಲಿ ಮನುಷ್ಯನನ್ನು ಜೀತಕ್ಕಿಡುವುದನ್ನು 1976ರ ಕಾನೂನು ನಿಷೇಧಿಸಿದೆ. ಕಾನೂನು ಬರುವ ಮೊದಲೂ ಅದು ಪಾಪವೇ ಆಗಿದ್ದಿತು. ಅನ್ನ ಹಾಕಿದೆನೆಂಬ ಮಾತನ್ನು ಹಗ್ಗವನ್ನಾಗಿ ಮಾಡಿಕೊಂಡವನು ತಾನು ಹಾಕಿದ ಅನ್ನದ ಪುಣ್ಯವನ್ನು ತಾನೇ ಕಳೆದುಕೊಳ್ಳುತ್ತಾನೆ.

ಹಿಂದಿನ ಏಣಿಯನ್ನು ಹೊಗಳುವಾಗ ಅದರ ಕುಂದುಗಳನ್ನು ಮುಚ್ಚಿಡುವುದು ಸಲ್ಲದು. ಗಲ್ಲಾದ ಮೇಲೆ ಕುಳಿತವರ ಹೆಸರುಗಳು ಉಳಿದಿವೆ. ಎಂಜಲು ಲೋಟಗಳ ಬಳಿಯಲ್ಲಿಯೇ ಬಾಳು ಸವೆಸಿದವರ ಹೆಸರುಗಳು ಉಳಿದಿಲ್ಲ. ಏಣಿಯ ಮೊದಲ ಮೆಟ್ಟಿಲಿನಲ್ಲಿ ನಿಂತವರಲ್ಲಿ ಅನೇಕರು ಶಾಲೆಯಲ್ಲಿರಬೇಕಾಗಿದ್ದ ಮಕ್ಕಳು. ಮುಂಬಯಿಯ ಕನ್ನಡಿಗರು ಹೋಟೆಲಿನ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ ಎಷ್ಟೋ ಮಂದಿಯನ್ನು ಓದಿಸಿದ್ದು ದೊಡ್ಡ ಪುಣ್ಯಕಾರ್ಯವೇ ಸರಿ. ಆದರೆ ಹಗಲೆಲ್ಲ ದುಡಿದು ರಾತ್ರಿ ತೂಕಡಿಸುತ್ತ ಓದಬೇಕಾದದ್ದೇ ಬಾಲ್ಯಕ್ಕೆ ಆದ ಅನ್ಯಾಯವು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಚಹದಂಗಡಿಗಳಲ್ಲಿ ದುಡಿಸಬಾರದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಮತ್ತೊಂದು ಕುಂದು ಜಾತಿಯದು. ಹಳೆಯ ಅನೇಕ ಹೋಟೆಲುಗಳಲ್ಲಿ ಅಡಿಗೆಮನೆಯ ಬಾಗಿಲು ಒಂದು ಜಾತಿಯವರಿಗೆ ಮಾತ್ರ ತೆರೆದಿದ್ದಿತು. ಉಣ್ಣುವ ಸ್ಥಳದಲ್ಲಿಯೂ ಭೇದವಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಹೋಟೆಲಿನ ಮುಂಬಾಗಿಲನ್ನು ಎಲ್ಲರಿಗೂ ತೆರೆಯಿತು. ಒಳಗಿನ ಅಡಿಗೆಮನೆಯ ಬಾಗಿಲು ತೆರೆಯಲು ಇನ್ನೂ ಬಹುಕಾಲ ಹಿಡಿಯಿತು. ಕೆಲವರಿಗೆ ಮಾತ್ರ ಹಾಕಿದ ಏಣಿಯು ಎಷ್ಟೇ ಎತ್ತರವಾಗಿದ್ದರೂ ಅದನ್ನು ಪೂರ್ಣಧರ್ಮವೆನ್ನಲಾಗದು.

ಈ ವಿಚಾರಕ್ಕೆ ಇಂದಿನ ಕಾಲದಲ್ಲಿ ಒಂದು ಹೊಸ ಪರೀಕ್ಷೆ ಬಂದಿದೆ. ಕರಾವಳಿಯ ಮನೆಗಳ ಮಕ್ಕಳು ಈಗ ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಬೆಂಗಳೂರಿನ ಹೋಟೆಲುಗಳಲ್ಲಿ ಮೇಜು ಒರಸುವವರೂ, ದೋಸೆ ಹುಯ್ಯುವವರೂ ಅನೇಕ ಕಡೆಗಳಲ್ಲಿ ಒಡಿಶಾ, ಅಸ್ಸಾಮು, ಬಂಗಾಳಗಳಿಂದ ಬಂದ ತರುಣರು. ಅಂದು ಉಡುಪಿಯ ಹುಡುಗನಿಗೆ ಯಜಮಾನನ ಭಾಷೆ ಬರುತ್ತಿದ್ದಿತು, ಊರಿನ ಪರಿಚಯವಿದ್ದಿತು, ಎಷ್ಟೋ ವೇಳೆ ನೆಂಟಸ್ತಿಕೆಯೂ ಇದ್ದಿತು. ಆದುದರಿಂದ ಯಜಮಾನನು ಅವನಲ್ಲಿ ತನ್ನ ಬಾಲ್ಯವನ್ನು ಕಾಣಬಲ್ಲವನಾಗಿದ್ದನು. ಇಂದಿನ ತರುಣನಲ್ಲಿ ಅದನ್ನು ಕಾಣುವನೇ? ಕ್ಲೀನರಾಗಿ ಮೊದಲಿಟ್ಟ ಅಜ್ಜನ ಭಾವಚಿತ್ರವನ್ನು ಗಲ್ಲಾದ ಹಿಂದಿನ ಗೋಡೆಗೆ ತೂಗಹಾಕಿ, ಅದರ ಕೆಳಗೆ ನಿಂತ ಒಡಿಯಾ ಹುಡುಗನಿಗೆ ಐದು ವರ್ಷವಾದರೂ ಮೇಜು ಒರಸುವುದರ ಹೊರತು ಬೇರೇನನ್ನೂ ಕಲಿಸದ ಮೊಮ್ಮಗನು, ಅಜ್ಜನು ಪಡೆದ ಋಣವನ್ನು ತೀರಿಸದೆ ಉಳಿಸಿಕೊಂಡವನು. ಮನೆ ಬಿಟ್ಟು ಹೋದ ಕೆಲಸಗಾರನಿಗಿಂತ, ಏರಿದ ಏಣಿಯನ್ನು ಮೇಲಕ್ಕೆ ಎಳೆದುಕೊಂಡ ಈ ಯಜಮಾನನಿಗೇ ಕೃತಘ್ನನೆಂಬ ಹೆಸರು ಹೆಚ್ಚು ಒಪ್ಪುವುದು.

ಎಲ್ಲರೂ ಯಜಮಾನರಾಗುವುದು ಹೇಗೆ ಸಾಧ್ಯ, ಗಲ್ಲಾ ಇರುವುದು ಒಂದೇ ಅಲ್ಲವೆ ಎಂದು ಕೇಳಬಹುದು. ಇದಕ್ಕೂ ಲೋಕದಲ್ಲಿ ಉತ್ತರವುಂಟು. ಕಾಫಿ ಮಂಡಳಿಯು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಅಲ್ಲಿ ಕಾಫಿ ತಂದಿಡುವವನೇ ಸಂಘದ ಸದಸ್ಯನೂ ಆದನು. ಏಳಿಗೆಯೆಂದರೆ ಇತರರ ಮೇಲೆ ಏರುವುದೊಂದೇ ಅಲ್ಲ, ಇತರರೊಡನೆ ಏರುವುದೂ ಉಂಟೆಂಬುದಕ್ಕೆ ಇದು ಸಾಕ್ಷಿ. ಸಹಕಾರವಿಲ್ಲದ ಕಡೆಯಲ್ಲಿಯೂ, ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತ ಕೈಗೆ ತಕ್ಕ ಸಂಬಳ, ತಕ್ಕ ಮರ್ಯಾದೆ, ಮುಪ್ಪಿಗೆ ಒಂದಿಷ್ಟು ಭದ್ರತೆ ದೊರೆತರೆ ಅದೂ ಏಳಿಗೆಯೇ.

ಆದುದರಿಂದ, ಹೊಸ ಕೆಲಸಕ್ಕೆ ಹೊರಡುವ ತರುಣನು ಉಪ್ಪಿನ ಋಣಕ್ಕೆ ಹೆದರಿ ಹಿಂಜರಿಯಬೇಕಾದದ್ದಿಲ್ಲ, ಅದನ್ನು ಮರೆಯಲೂಬಾರದು. ಹಿಂದೆ ಬಿಟ್ಟ ಮನೆಗೆ ಅವನು ಸಲ್ಲಿಸಬೇಕಾದದ್ದು ಸತ್ಯವಾದ ನಡತೆ ಮತ್ತು ಒಳ್ಳೆಯ ಮಾತು. ಉಳಿದ ಋಣವೆಲ್ಲವನ್ನೂ ಅವನು ಸಲ್ಲಿಸಬೇಕಾದದ್ದು ನಾಳೆ ತನ್ನ ಮುಂದೆ ಒದ್ದೆ ಬಟ್ಟೆ ಹಿಡಿದು ನಿಲ್ಲುವ ಹೊಸಬನಿಗೆ. ಆ ಹೊಸಬನು ಯಾವ ಊರಿನವನೇ ಆಗಲಿ, ಯಾವ ಭಾಷೆಯವನೇ ಆಗಲಿ, ಅವನಿಗೆ ಕಾವಲಿಯ ಮುಂದೆ ಸ್ವಲ್ಪ ಜಾಗ ಬಿಟ್ಟುಕೊಟ್ಟರೆ ಉಂಡ ಉಪ್ಪು ಸಾರ್ಥಕವಾಯಿತು.